ಲಾರಿಯ ಅಡಿಯ ನೆರಳು

ಜಲ್ಲಿ ಕ್ರಷರಿನ ಕಾವಲಿಗೆ ಎರಡು ನಾಯಿಗಳಿದ್ದವು. ಮುದಿ ಹುಲಿಯಣ್ಣ ಮೆಷಿನ್ನಿನ ಬುಡದಲ್ಲೇ ಕಾಲು ಚಾಚಿ ಮಲಗುತ್ತಿದ್ದ. ಚುಕ್ಕಿ ಮಾತ್ರ ಕಲ್ಲು ಪುಡಿಯಾಗಲು ಶುರುವಾದೊಡನೆ ದೂರದ ಜಲ್ಲಿ ರಾಶಿಯ ಹಿಂದಕ್ಕೆ ಓಡುತ್ತಿದ್ದಳು.

“ಅಣ್ಣಾ, ನೀನೂ ಬಾ. ಕೆಲಸದವರೇ ಕಿವಿ ಮುಚ್ಚಿಕೊಂಡು ದುಡಿಯುತ್ತಾರೆ. ನಮಗೆ ಈ ರಾಶಿಯಾದರೂ ಅಡ್ಡ ಇರಲಿ,” ಎಂದು ಅವಳು ದಿನವೂ ಅವನ ಕಿವಿಗೆ ಬಾಯಿಟ್ಟು ಗೋಗರೆಯುತ್ತಿದ್ದಳು.

“ಸದ್ದಿಗೆ ಹೆದರುವ ನೀನು ಕಾವಲು ಏನು ಕಾಯುತ್ತೀಯೆ? ಮೊದಮೊದಲು ನನಗೂ ತಲೆ ಸಿಡಿಯುತ್ತಿತ್ತು. ಈಗ ನೋಡು, ಸೊಳ್ಳೆ ಗುಂಯ್ ಎಂದಷ್ಟೂ ಅನ್ನಿಸುವುದಿಲ್ಲ. ರೂಢಿ ಮಾಡಿಕೊಳ್ಳಬೇಕು ಕಣೆ!”

ಚುಕ್ಕಿಗೆ ದಿಗಿಲು ಹುಟ್ಟಿಸಿದ್ದು ಆ ಮಾತೇ.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಮೆಷಿನ್ ನಿಂತಿತು. ಬಿಸಿಲು ತಾಳದೆ ಹುಲಿಯಣ್ಣ ಎಂದಿನಂತೆ ಜಲ್ಲಿ ತುಂಬಿದ ಲಾರಿಯ ಅಡಿ ಹೊಕ್ಕು, ಚಕ್ರಕ್ಕೆ ಒರಗಿ ನಿದ್ದೆ ಹೋದ. ನಾಯಿಗಳು ಅಲ್ಲಿ ಮಲಗುವುದೇ ಕಿವಿಯ ಧೈರ್ಯದ ಮೇಲೆ. ಇಂಜಿನ್ ಗುರ್ ಎಂದರೆ ಎದ್ದು ಓಡುತ್ತವೆ.

ಇಂಜಿನ್ ಗುರ್ ಎಂದಿತು. ಹುಲಿಯಣ್ಣ ಏಳಲಿಲ್ಲ. ಚುಕ್ಕಿ ಬೊಗಳಿದಳು, ಊಳಿಟ್ಟಳು, ಹೆಸರು ಹಿಡಿದು ಅರಚಿದಳು. ಅವನ ಕಿವಿಯ ತುದಿಯೂ ಅಲುಗಲಿಲ್ಲ. ಇನ್ನೇನು ಚಕ್ರ ಉರುಳಬೇಕು, ಅಷ್ಟರಲ್ಲಿ ಅವಳು ಒಳಗೆ ನುಗ್ಗಿ ಅವನ ಹಿಂಗಾಲು ಕಚ್ಚಿ ಹೊರಗೆಳೆದಳು. ಅವನು ಮಲಗಿದ್ದ ಜಾಗದ ಮೇಲೆಯೇ ಲಾರಿ ಹಾದುಹೋಯಿತು.

ಹುಲಿಯಣ್ಣ ಕೆಂಡವಾದ. “ಹೀಗೆ ಕಚ್ಚುವುದೇ? ಒಂದು ಸಲ ಕೂಗಿದ್ದರೆ ನಾನೇ ಏಳುತ್ತಿರಲಿಲ್ಲವೇ?”

ಕೂಗಿ ಕೂಗಿ ಗಂಟಲು ಕಟ್ಟಿದ್ದ ಚುಕ್ಕಿ ಅವನ ಹಿಂಗಾಲಿನ ಗಾಯ ನೆಕ್ಕತೊಡಗಿದಳು.