ಕಿಡಿ ಹಾರದ ಪಿಸ್ತೂಲು

ಕೇಳ್ರಪ್ಪಾ ಮಕ್ಕಳೇ, ಪಿಸುಗುಟ್ಟಿದ್ದು ಸಾಕು. ಮುಳ್ಳುಕೋಟೆ ಅಂತ ಒಂದು ರಾಜ್ಯ. ಅಲ್ಲಿ ಮಲ್ಲರಸ ಅಂತ ಒಬ್ಬ ದೊರೆ. ಮನುಷ್ಯ ಒಳ್ಳೆಯವನೇ. ಆದರೆ ಒಂದು ಹುಚ್ಚು. ಹಳೇ ಕಾಲದ ಚಕಮಕಿ ಪಿಸ್ತೂಲು ಸಿಗುತ್ತದೆ ಅಂದರೆ ಉಣ್ಣುತ್ತಿದ್ದ ಎಲೆ ಬಿಟ್ಟು ಓಡುತ್ತಿದ್ದ.

ಚಕಮಕಿ ಪಿಸ್ತೂಲು ಗೊತ್ತಲ್ಲ? ಕೀಲು ಎಳೆದರೆ ಕಲ್ಲು ಹೋಗಿ ಉಕ್ಕಿಗೆ ಬಡಿಯುತ್ತದೆ. ಕಿಡಿ ಹಾರುತ್ತದೆ. ಮದ್ದಿಗೆ ಬೆಂಕಿ ಹತ್ತಿ ಢಂ! ಆದರೆ ಅರಮನೆಯಲ್ಲಿ ಒಂದು ದಿನವೂ ಢಂ ಅನ್ನಲಿಲ್ಲ. ದೊರೆ ಅವನ್ನು ದೇವರ ಮನೆಯಲ್ಲಿ ಮಣೆ ಹಾಕಿ ಕೂರಿಸಿ ಕುಂಕುಮ ಇಟ್ಟಿದ್ದ. "ಯಾರೂ ಮುಟ್ಟಕೂಡದು, ಮುಟ್ಟಿದರೆ ಮೈಲಿಗೆ" ಅಂತ ಕಟ್ಟಪ್ಪಣೆ ಬೇರೆ.

ಇದು ಗಿರಿಯಣ್ಣನೆಂಬ ವ್ಯಾಪಾರಿಯ ಕಿವಿಗೆ ಬಿತ್ತು. ಉಕ್ಕೇ ಇಲ್ಲದೆ ಬರೀ ಮೆದು ಕಬ್ಬಿಣದಲ್ಲಿ ಹೊಸ ಪಿಸ್ತೂಲು ಮಾಡಿಸಿದ, ತಿಪ್ಪೆಯಲ್ಲಿ ಹೂತ, ತುಕ್ಕು ಹಿಡಿಸಿ ತಂದ.

"ಮಹಾಸ್ವಾಮಿ, ಇದು ನಿಮ್ಮ ಮುತ್ತಾತ ಯುದ್ಧದಲ್ಲಿ ಹಿಡಿದದ್ದು!"

ದೊರೆ ಉಬ್ಬಿಹೋಗಿ ಜೋಡಿ ಎತ್ತು ಕೊಟ್ಟ. ಮುಂದಿನ ತಿಂಗಳು ಮುತ್ತಾತನ ಅಪ್ಪನ ಪಿಸ್ತೂಲು ಬಂತು. ಮಾವಿನ ತೋಪು ಹೋಯಿತು. ಅದರ ಮುಂದಿನ ತಿಂಗಳು ಆ ಅಪ್ಪನ ಅಪ್ಪನ ಪಿಸ್ತೂಲು ಬಂತು. ಈ ಸಲ ಗಿರಿಯಣ್ಣ ಕೇಳಿದ್ದು ಊರಿನ ಗೋಮಾಳ! ದೊರೆ "ಆಗಲಿ" ಅಂದುಬಿಟ್ಟ.

ಊರಿಗೆ ಊರೇ ಹೌಹಾರಿತು. ದನ ಎಲ್ಲಿ ಮೇಯಬೇಕು? ಮಕ್ಕಳಿಗೆ ಹಾಲು ಎಲ್ಲಿಂದ ಬರಬೇಕು? ಅರಮನೆಯ ಅಡುಗೆಯ ದ್ಯಾವಮ್ಮನಿಗೂ ಎರಡು ಹಸುಗಳಿದ್ದವು. ಅವಳು ಮೂವತ್ತು ವರ್ಷ ಚಕಮಕಿ ಕಲ್ಲು ಕುಟ್ಟಿ ಒಲೆ ಹಚ್ಚಿದವಳು. ದೊರೆ ಗೋಮಾಳದ ಪತ್ರಕ್ಕೆ ಮುದ್ರೆ ಒತ್ತುವ ಹೊತ್ತಿಗೆ ಸರಿಯಾಗಿ ಸಭೆಗೇ ಬಂದಳು.

"ಬುದ್ಧೀ, ಒಲೆ ಆರ್ಹೋಗಿದೆ. ಆ ಪಿಸ್ತೂಲಿಂದ ಒಂದು ಕಿಡಿ ಕೊಡ್ಸಿ."

"ಮೈಲಿಗೆ ಕಣಮ್ಮಾ!"

"ಬೆಂಕಿಗೆ ಎಂಥ ಮೈಲಿಗೆ ಬುದ್ಧಿ?"

ದೊರೆ ಹೊಸದಾಗಿ ಬಂದ ಪಿಸ್ತೂಲನ್ನು ತರಿಸಿ ಕೊಟ್ಟ. ದ್ಯಾವಮ್ಮ ಅರಳೆ ಇಟ್ಟು ಕೀಲು ಎಳೆದಳು. ಟಕ್! ಕಿಡಿ ಇಲ್ಲ.

"ಥಂಡಿ ಹಿಡಿದಿದೆ" ಅಂದ ಗಿರಿಯಣ್ಣ. ಬಿಸಿಲಿಗಿಟ್ಟು ತಂದು ಎಳೆದಳು. ಟಕ್! ಕಿಡಿ ಇಲ್ಲ.

"ಕಲ್ಲು ಸವೆದಿದೆ" ಅಂದ. ತನ್ನ ಒಲೆಯ ಕಲ್ಲನ್ನೇ ಸಿಕ್ಕಿಸಿ ಎಳೆದಳು. ಟಕ್! ಆಗಲೂ ಇಲ್ಲ.

"ಇದು ಅಡುಗೆಯವಳ ಕೈಗೆ ಬಗ್ಗೋ ವಸ್ತುವಲ್ಲ! ನನ್ನ ಕೈಯಲ್ಲಿ ನೋಡಿ, ಊರಿಗೆಲ್ಲ ಅನ್ನ ಬೇಯಿಸೋಷ್ಟು ಬೆಂಕಿ ಬರುತ್ತೆ!"

"ಊರಿಗೆಲ್ಲ ಯಾಕಣ್ಣಾ?" ಅಂದಳು ದ್ಯಾವಮ್ಮ. "ನಿನ್ನೊಬ್ಬನಿಗೆ ಬೇಯಿಸ್ಕೋ ಸಾಕು. ಬುದ್ಧೀ, ಈ ಪಿಸ್ತೂಲಿಂದ ಇವನು ಒಲೆ ಹಚ್ಚಲಿ. ಆ ಒಲೆಯ ಅನ್ನವೇ ಇವನ ಊಟ. ಬೇರೆ ಒಂದಗುಳೂ ಬೇಡ. ಒಲೆ ಹತ್ತಿದ ಗಳಿಗೆಯೇ ಗೋಮಾಳ ಕೊಟ್ಬಿಡಿ."

ದೊರೆ ಒಪ್ಪಿದ. ಕೊಚ್ಚಿಕೊಂಡವನು ಇಲ್ಲ ಅನ್ನುವುದು ಹೇಗೆ? ಮೊದಲ ದಿನ ಟಕ್ ಟಕ್. ಎರಡನೇ ದಿನ ಟಕ್... ಟಕ್... ಮೂರನೇ ದಿನ ದ್ಯಾವಮ್ಮ ಪಕ್ಕದಲ್ಲೇ ಹುರುಳಿ ಸಾರಿಗೆ ಒಗ್ಗರಣೆ ಹಾಕಿದಳು. ಗಿರಿಯಣ್ಣ ಪಿಸ್ತೂಲು ಬಿಸಾಡಿ ಓಡಿಬಂದು ಅಡ್ಡಬಿದ್ದ.

"ಎಲ್ಲಾ ಸುಳ್ಳು ತಾಯೀ! ಮೂರೂ ಹೋದ ವರ್ಷ ಮಾಡಿಸಿದ್ದು! ಒಂದು ಮುದ್ದೆ ಹಾಕಿ!"

"ಎತ್ತು, ತೋಪು?" ಅಂದಳು ದ್ಯಾವಮ್ಮ.

"ಹಿಂದಕ್ಕೆ ಕೊಟ್ಟೆ!"

"ಗೋಮಾಳ?"

"ಅದರ ಹೆಸರೆತ್ತಿದರೆ ನನ್ನಾಣೆ!"

ಪಾಪ ಅನ್ನಿಸಿ ದ್ಯಾವಮ್ಮ ಎರಡು ಮುದ್ದೆ ಹಾಕಿದಳು. ಉಂಡವನನ್ನು ದೊರೆ ಗಡಿ ದಾಟಿಸಿದ. ಆಮೇಲೆ ಪತ್ರ ಹರಿದು, ತುಂಬಿದ ಸಭೆಯಲ್ಲಿ ತಲೆ ತಗ್ಗಿಸಿ ಹೇಳಿದ: "ಮೋಸ ಅವನದು. ಆದರೆ ಯಾರೂ ಮುಟ್ಟಬೇಡಿ ಅಂದವನು ನಾನು."

ನೋಡಿದಿರಾ ಮಕ್ಕಳೇ? ಮುಟ್ಟಿ ನೋಡಬೇಡ, ಕೇಳಿ ನೋಡಬೇಡ ಅಂತ ಕಟ್ಟು ಹಾಕಿದ ಕಡೆಯೇ ಸುಳ್ಳು ಕುಂಕುಮ ಇಟ್ಟುಕೊಂಡು ಪೂಜೆ ಮಾಡಿಸಿಕೊಳ್ಳುತ್ತದೆ. ನಿಜವಾದದ್ದಕ್ಕೆ ಪರೀಕ್ಷೆಯ ಭಯವಿಲ್ಲ.