ಜವರಪ್ಪನಿಗೆ ಒಂದೇ ಕಾರ್ಡು

ನದಿಯ ಈಚೆ ದಡದ ಆಶ್ರಮದಲ್ಲಿ ಒಂದು ಆಟವಿತ್ತು. ಗುರುಗಳೇ ಹುಟ್ಟುಹಾಕಿದ್ದು.

ನೆಲಕ್ಕೆ ಹಾಸಿದ ಬಟ್ಟೆಯ ಮೇಲೆ ಕಬಡ್ಡಿ ಅಂಗಳ. ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಕಾರ್ಡು. ದಾಳ ಉರುಳಿಸಿ ಕಾರ್ಡು ನೋಡಿದರೆ, ದಾಳಿಗೆ ಹೋದವನು ಮುಟ್ಟಿ ಬಂದನೋ ಸಿಕ್ಕಿಬಿದ್ದನೋ ತಿಳಿಯುತ್ತಿತ್ತು. ಎರಡೂ ದಡದ ಹುಡುಗರು ಆ ವರ್ಷ ಮರಳಿನ ಮೇಲೆ ಹೇಗೆ ಆಡಿದ್ದರೋ ಕಾರ್ಡೂ ಹಾಗೇ ಇರಬೇಕು.

ಈ ಸಲ ಕಾರ್ಡು ಬರೆಯುವ ಕೆಲಸ ಶಿಷ್ಯೆ ಶಾರ್ವರಿಯದು. ಎಲ್ಲರದೂ ಮುಗಿದು ಜವರಪ್ಪ ಒಬ್ಬ ಉಳಿದ. ಅವನು ವರ್ಷದ ನಡುವೆ ಆಚೆ ದಡದ ತಂಡ ಬಿಟ್ಟು ಈಚೆಗೆ ಬಂದಿದ್ದ. ಅಲ್ಲಿ ದಾಳಿಗೆ ಹೋದಾಗಲೆಲ್ಲ ಸಿಕ್ಕಿಬೀಳುತ್ತಿದ್ದವನು ಇಲ್ಲಿ ಯಾರ ಕೈಗೂ ಸಿಗಲಿಲ್ಲ.

"ಗುರುಗಳೇ, ಅವನಿಗೆ ಎರಡು ಕಾರ್ಡು ಬರೆಯಲೇ?"

"ಜವರಪ್ಪ ಎಷ್ಟು ಜನ?"



ಶಾರ್ವರಿಯೂ ವರ್ಷದ ನಡುವೆ ನದಿ ದಾಟಿ ಬಂದವಳೇ. ವಿದ್ಯೆ ತಲೆಗೆ ಹತ್ತುವುದಿಲ್ಲ ಎಂದು ಆಚೆ ದಡದ ಆಚಾರ್ಯರು ಕಳಿಸಿಬಿಟ್ಟಿದ್ದರು. ಇಲ್ಲಿ ಗುರುಗಳು ಏನು ಕೇಳಿದರೂ ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ನಾಳೆ ಆಚಾರ್ಯರು ಬರುವವರಿದ್ದರು. ಅವಳು ಆಶ್ರಮದಲ್ಲಿ ಉಳಿಯಬೇಕೋ ಮನೆಗೆ ಹೋಗಬೇಕೋ ಎಂದು ಗುರುಗಳೂ ಆಚಾರ್ಯರೂ ಕೂತು ತೀರ್ಮಾನಿಸುವುದಿತ್ತು.

ಬೆಳಗಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಈಚೆ ದಡದ ಆಟವನ್ನಷ್ಟೇ ಲೆಕ್ಕಕ್ಕೆ ಹಿಡಿದು ಅವಳು ಜವರಪ್ಪನ ಕಾರ್ಡು ಬರೆದಳು.

ಗುರುಗಳು ದಾಳ ಉರುಳಿಸಿದರು. ಜವರಪ್ಪ ಮುಟ್ಟಿ ಬಂದ. ಮತ್ತೆ ಉರುಳಿಸಿದರು. ಮತ್ತೆ ಮುಟ್ಟಿ ಬಂದ. ಎದುರು ತಂಡ ಖಾಲಿಯಾಯಿತು.

"ಇವನೇನು ದೇವಲೋಕದಿಂದ ಇಳಿದವನೋ? ಆಚೆ ದಡದಲ್ಲಿ ಆಡಲೇ ಇಲ್ಲವೇ?"

"ಆಡಿದ. ಆದರೆ ಅದು ಅವನಲ್ಲ."

"ಮತ್ಯಾರು, ಅವನ ಭಾವಮೈದುನನೇ?"

ಶಾರ್ವರಿ ಕಾರ್ಡು ಎತ್ತಿಕೊಂಡು ಹೋದಳು. ಎರಡೂ ದಡದ ಆಟ ಕೂಡಿಸಿ, ಅರ್ಧ ಮಾಡಿ, ಹೊಸದು ಬರೆದು ತಂದಳು.

ಗುರುಗಳು ಆಡಿ ನೋಡಿದರು. ಜವರಪ್ಪ ಒಮ್ಮೆ ಮುಟ್ಟಿದ, ಒಮ್ಮೆ ಸಿಕ್ಕಿಬಿದ್ದ. ಆಟ ಸಪ್ಪಗಾಯಿತು.

"ಇಂಥ ಜವರಪ್ಪನನ್ನು ಯಾವ ದಡದಲ್ಲಿ ಕಂಡೆ?"

"ಯಾವ ದಡದಲ್ಲೂ ಕಾಣಲಿಲ್ಲ, ಗುರುಗಳೇ."

"ಹಾಗಾದರೆ ಪಾಪ, ನಡುನೀರಲ್ಲಿ ಮುಳುಗಿರಬೇಕು."

ಅವಳಿಗೆ ನಗು ಬರಲಿಲ್ಲ. ನೇರ ಮರಳದಂಡೆಗೆ ನಡೆದಳು. ಅಲ್ಲಿ ಜವರಪ್ಪ ತೊಡೆ ತಟ್ಟಿಕೊಂಡು ಅಭ್ಯಾಸ ಮಾಡುತ್ತಿದ್ದ. ಗೊತ್ತಿಲ್ಲದವರ ಹತ್ತಿರ ಮಾತಾಡುವುದೆಂದರೆ ಅವಳಿಗೆ ಆಗುತ್ತಿರಲಿಲ್ಲ. ಒಂದು ಸಲ ವಾಪಸು ಹೊರಟು, ತಿರುಗಿ ಬಂದು, ಕೇಳಿಯೇಬಿಟ್ಟಳು.

"ಅಣ್ಣಾ, ಅಲ್ಲಿ ಯಾಕೆ ಸಿಕ್ಕಿಬೀಳ್ತಿದ್ದೆ?"

"ಅಲ್ಲಿ ನನ್ನ ದಾಳಿಗೆ ಕೊನೇಗೆ ಬಿಡೋರು ಕಣವ್ವ. ನಮ್ಮೋರೆಲ್ಲ ಔಟಾಗಿ ನಾನೊಬ್ನೇ ಉಳಿದ ಮ್ಯಾಲೆ. ಅತ್ಲಾಗೆ ಏಳು ಜನ ಬಾಯಿ ತಕ್ಕೊಂಡು ಕಾಯ್ತಿರೋರು. ಭೀಮ ಹೋಗಿದ್ರೂ ಸಿಕ್ಕಾಕೋತಿದ್ದ."

"ಇಲ್ಲಿ?"

"ಇಲ್ಲಿ ಮೊದ್ಲು ನಾನೇ. ಬೆನ್ನಿಂದೆ ನಮ್ಮೋರು ನಿಂತವ್ರೆ ಅಂದ್ರೆ ಕಾಲು ಓಡೋ ಥರಾನೇ ಬ್ಯಾರೆ."

ಶಾರ್ವರಿ ಓಡುತ್ತಲೇ ಆಶ್ರಮಕ್ಕೆ ಬಂದಳು. ಒಂದೇ ಕಾರ್ಡು, ಅದರಲ್ಲಿ ಎರಡು ಸಾಲು: ಜೊತೆಯವರಿದ್ದಾಗ ಹೀಗೆ, ಒಬ್ಬನೇ ಉಳಿದಾಗ ಹೀಗೆ.

ಈಗ ದಾಳ ಉರುಳಿಸುವ ಮೊದಲು ಗುರುಗಳೂ ತುಸು ಯೋಚಿಸಬೇಕಾಯಿತು. ಜವರಪ್ಪನನ್ನು ಯಾವಾಗ ಕಳಿಸಲಿ?

"ಈಗ ಬಂದ ನೋಡು ಜವರಪ್ಪ," ಎಂದರು. "ಹಾಗಾದರೆ ಆಚೆ ದಡದಲ್ಲಿ ಸೋತವರು ಯಾರು?"

"ಅವನನ್ನು ಕಳಿಸಿದವರು!" ಶಾರ್ವರಿಯ ಮುಖ ಅರಳಿತು.

"ಈಚೆ ದಡದಲ್ಲಿ ಗೆದ್ದವರು?"

ಅವಳು ಕಾರ್ಡಿನ ಎರಡು ಸಾಲನ್ನೂ ಮತ್ತೆ ಓದಿದಳು.

ಆಚೆ ದಡದಲ್ಲಿ ಆಚಾರ್ಯರು ಅವಳನ್ನು ತುಂಬಿದ ಸಭೆಯಲ್ಲಿ ಎಬ್ಬಿಸಿ ನಿಲ್ಲಿಸಿ ಕೇಳುತ್ತಿದ್ದರು. ಅವಳಿಗೆ ಸ್ವರವೇ ಹೊರಡುತ್ತಿರಲಿಲ್ಲ. ಗುರುಗಳು ಕೇಳಿದ್ದೆಲ್ಲ ನದಿಯ ಮೆಟ್ಟಿಲ ಮೇಲೆ, ಬಟ್ಟೆ ಹಿಂಡುತ್ತಾ, ಹತ್ತಿರ ಯಾರೂ ಇಲ್ಲದಾಗ.

"ಗುರುಗಳೇ, ನೀವು ನನ್ನನ್ನು ಒಂದು ದಿನವೂ ಸಭೆಯಲ್ಲಿ ಕೇಳಲಿಲ್ಲ."

"ಇಲ್ಲ."

"ನನಗೆ ವಿದ್ಯೆ ಹತ್ತಿತು ಅಂದುಕೊಂಡಿದ್ದೆ."

"ಹತ್ತಿದೆ."

"ಸಭೆಯಲ್ಲಿ ನಿಲ್ಲಿಸಿದರೆ?"

ಗುರುಗಳು ಆಟದ ಬಟ್ಟೆ ಮಡಿಸತೊಡಗಿದರು.

ಶಾರ್ವರಿ ಎದ್ದಳು, ಕೂತಳು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

"ನಾಳೆ ಆಚಾರ್ಯರ ಎದುರಿಗೆ ನನ್ನನ್ನು ಎಲ್ಲಿ ಕೇಳುತ್ತೀರಿ? ಮೆಟ್ಟಿಲ ಮೇಲೋ, ಸಭೆಯಲ್ಲೋ?"

ಗುರುಗಳು ದಾಳವನ್ನು ಅವಳ ಅಂಗೈಯಲ್ಲಿಟ್ಟರು.

"ನಾಳೆ ನಿನ್ನನ್ನು ದಾಳಿಗೆ ಕಳಿಸುವವಳು ನೀನೇ, ತಾಯಿ."