ಕೆಸರಿನ ಏಡಿಗೆ ಒಂದು ಕೈ ದೊಡ್ಡದಾದದ್ದು

ಭೂಮಿಯ ಹಸಿ ಇನ್ನೂ ಆರಿರಲಿಲ್ಲ, ಮಗೂ. ಬೆಟ್ಟವನ್ನು ಒತ್ತಿದರೆ ಬೆರಳಿನ ಗುರುತು ಮೂಡುತ್ತಿದ್ದ ಕಾಲ ಅದು. ಗಾಳಿಯನ್ನು ಏನಾದರೂ ಕೇಳಿದರೆ ಗಾಳಿ ನಿಂತು ಉತ್ತರ ಕೊಡುತ್ತಿತ್ತು. ಹೊಳೆಗೆ ಮಾತು ಬರುತ್ತಿತ್ತು, ಕಡಲಿಗೂ ಬರುತ್ತಿತ್ತು. ಏಡಿಗಳ ಬಾಯಂತೂ ಮುಚ್ಚುತ್ತಲೇ ಇರಲಿಲ್ಲ.

ಆಗ ಕಡಲಿಗೆ ಹೊತ್ತುಗೊತ್ತು ಇರಲಿಲ್ಲ. ಈಗಾದರೆ ಚಂದ್ರ ಕರೆದಾಗ ಏರುತ್ತೆ, ಬಿಟ್ಟಾಗ ಇಳಿಯುತ್ತೆ. ಆಗಿನ್ನೂ ಅದು ಚಂದ್ರನ ಮಾತು ಕೇಳುತ್ತಿರಲಿಲ್ಲ. ಮನಸ್ಸು ಬಂದಾಗ ಏರುತ್ತಿತ್ತು, ಮನಸ್ಸು ಬಂದಾಗ ಇಳಿಯುತ್ತಿತ್ತು. ಬೆಳಗಿಡೀ ದೂರದಲ್ಲಿ ನಿದ್ದೆ ಬಂದಂತೆ ಬಿದ್ದುಕೊಂಡಿದ್ದು, ಇದ್ದಕ್ಕಿದ್ದ ಹಾಗೆ ಎದ್ದು ಓಡಿ ಬರುತ್ತಿತ್ತು.

ಹೊಳೆ ಕಡಲು ಸೇರುವ ಅಳಿವೆಯಲ್ಲಿ ಒಂದು ಕೇರಿ ಇತ್ತು. ಕಡಲು ಇಳಿದಾಗ ಅಲ್ಲಿ ಕಪ್ಪು ಕೆಸರಿನ ಬಯಲು ತೆರೆದುಕೊಳ್ಳುತ್ತಿತ್ತು. ಕೇರಿಯವರು ಬುಟ್ಟಿ ಹಿಡಿದು ಆ ಬಯಲಿಗೆ ಇಳಿದು, ಬೆರಳಿನಿಂದ ಕೆಸರು ಕೆದಕಿ ಬಳಚು ಆರಿಸುತ್ತಿದ್ದರು. ಬಳಚು ಅಂದರೆ ಎರಡು ಚಿಪ್ಪಿನ ನಡುವೆ ಬದುಕುವ ಪುಟ್ಟ ಜೀವ. ಅದೇ ಅವರ ಊಟ.

ಕಡಲು ಯಾವಾಗ ಎದ್ದೀತು ಅಂತ ನೋಡಲು ದಡದ ಕರಿಬಂಡೆಯ ಮೇಲೆ ಬೀರಜ್ಜ ಕೂರುತ್ತಿದ್ದ. ಅವನ ತೊಡೆಯ ಮೇಲೆ ಗುಮ್ಟೆ ಇರುತ್ತಿತ್ತು. ಗುಮ್ಟೆ ಮಣ್ಣಿನ ಕೊಡದಂಥ ವಾದ್ಯ. ಅದರ ಒಂದು ಬಾಯಿಗೆ ಚರ್ಮ ಬಿಗಿದಿರುತ್ತೆ, ಇನ್ನೊಂದು ಬಾಯಿ ತೆರೆದಿರುತ್ತೆ. ಒಂದು ಕೈ ಚರ್ಮಕ್ಕೆ ಬಡಿಯಬೇಕು, ಇನ್ನೊಂದು ಕೈ ತೆರೆದ ಬಾಯಿಯನ್ನು ಮುಚ್ಚಿ ತೆಗೆಯುತ್ತ ದನಿಯನ್ನು ಹೊರಗೆ ದೂಡಬೇಕು. ಕಡಲು ಎದ್ದದ್ದು ಕಂಡ ಕೂಡಲೇ ಬೀರಜ್ಜ ಬಡಿಯುತ್ತಿದ್ದ. ಆ ದನಿ ಬಂದತ್ತ ಎಲ್ಲರೂ ಓಡುತ್ತಿದ್ದರು.

ಬಂಡೆಯ ಗುಮ್ಟೆಗೆ ಒಂದು ಕಟ್ಟುಪಾಡಿತ್ತು. ಬಲಗೈಯಲ್ಲೇ ಬಡಿಯಬೇಕು. ಎಡಗೈ ಬಿದ್ದರೆ ಕಡಲು ಸಿಟ್ಟಾಗುತ್ತೆ ಅಂತ ಕೇರಿಯವರು ನಂಬಿದ್ದರು. ಯಾರು ಹೇಳಿದ್ದು ಅಂತ ಯಾರಿಗೂ ಗೊತ್ತಿರಲಿಲ್ಲ.

ಆ ಕೇರಿಗೆ ಮೇಲಿನ ಊರಿನಿಂದ ಕುಸಲಿ ಅನ್ನುವವಳು ಸೊಸೆಯಾಗಿ ಬಂದಳು. ಕುಸಲಿ ಎಡಚಿ. ಮಡಕೆ ಎತ್ತಲು ಅವಳ ಎಡಗೈ ಮುಂದಾಗುತ್ತಿತ್ತು, ಒಲೆಗೆ ಸೌದೆ ಒಡ್ಡಲೂ ಎಡಗೈಯೇ. ಅಂಗಳದಲ್ಲಿ ರಂಗೋಲಿ ಎಳೆಯುವಾಗ ಕೇರಿಯವರ ಬಳ್ಳಿಗಳೆಲ್ಲ ಒಂದು ಕಡೆಗೆ ಬಾಗಿದರೆ ಅವಳ ಬಳ್ಳಿ ಇನ್ನೊಂದು ಕಡೆಗೆ ಬಾಗುತ್ತಿತ್ತು. ಚಂದವಾಗಿಯೇ ಬಾಗುತ್ತಿತ್ತು. ಆದರೂ ಜನ ಅದನ್ನು ದಾಟದೆ ಸುತ್ತಿ ಹೋಗುತ್ತಿದ್ದರು.

ಅವಳ ಅತ್ತೆ ಹೊನ್ನಿ ಕೆಟ್ಟವಳಲ್ಲ. ಹೆದರಿದವಳು. ಅವಳ ಗಂಡನನ್ನು ಕಡಲು ಎಳೆದುಕೊಂಡು ಹೋಗಿತ್ತು. ಅವತ್ತಿನಿಂದ ಕಡಲಿಗೆ ಬೇಸರವಾಗುವ ಒಂದು ಕೆಲಸವೂ ತನ್ನ ಮನೆಯಲ್ಲಿ ಆಗಬಾರದು ಅಂತ ಅವಳು ಜೀವ ಬಿಗಿಹಿಡಿದಿದ್ದಳು.

ಒಂದು ದಿನ ಬೆಳಿಗ್ಗೆ ಬಾಗಿಲಿಗೆ ಬಂದವರಿಗೆ ಕುಸಲಿ ಎಡಗೈಯಲ್ಲಿ ನೀರು ಕೊಟ್ಟಳು. ಬಂದವರು ಚೊಂಬನ್ನು ಮುಟ್ಟದೆ ಎದ್ದು ಹೋದರು.

"ಎಷ್ಟು ಸಲ ಹೇಳೂದು ನಿನಗೆ?" ಅಂದಳು ಹೊನ್ನಿ.

"ಮರೆತುಹೋಯ್ತು ಅತ್ತೆ. ಕೈ ತಾನಾಗಿಯೇ ಮುಂದೆ ಬರ್ತದೆ."

"ಬರದ ಹಾಗೆ ಮಾಡ್ತೇನೆ."

ಹೊನ್ನಿ ತೆಂಗಿನ ನಾರಿನ ಹುರಿ ತಂದಳು. ಸೊಸೆಯ ಎಡಗೈಯನ್ನು ಬೆನ್ನ ಹಿಂದೆ ಸೊಂಟಕ್ಕೆ ಸೇರಿಸಿ ಕಟ್ಟಿದಳು. ಗಂಟಿನ ಮೇಲೆ ಗಂಟು ಹಾಕಿದಳು, ದೋಣಿ ಕಟ್ಟುವ ಗಂಟು. "ಒಂದು ಕೈಲಿ ಇದನ್ನು ಬಿಚ್ಚಲಿಕ್ಕೆ ಯಾರಿಂದಲೂ ಆಗೂದಿಲ್ಲ. ಸಂಜೆ ನಾನೇ ಬಿಚ್ಚುತ್ತೇನೆ. ಈಗ ಬಂಡೆಯ ಮೇಲಿರುವ ಬೀರಣ್ಣನಿಗೆ ಗಂಜಿ ಕೊಟ್ಟು ಬಾ," ಅಂದಳು. ಬುಟ್ಟಿ ತಲೆಗೇರಿಸಿ ಉಳಿದವರ ಜೊತೆ ಕೆಸರಿಗಿಳಿದಳು. ಕುಸಲಿಯ ಗಂಡ ಸೌದೆ ತರಲು ಹೊಳೆಯ ಮೇಲಕ್ಕೆ ಹೋಗಿದ್ದ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಕುಸಲಿ ಬಲಗೈಯಲ್ಲಿ ಗಂಜಿಯ ಮಡಕೆ ಹಿಡಿದು, ತುಳುಕಿಸುತ್ತ ತುಳುಕಿಸುತ್ತ ಕರಿಬಂಡೆ ಹತ್ತಿದಳು.

ಬೀರಜ್ಜ ಬಂಡೆಯ ಮೇಲೆ ಒರಗಿ ಬಿದ್ದಿದ್ದ.

"ಅಜ್ಜಾ! ಬೀರಜ್ಜಾ!"

ಉಸಿರಿತ್ತು, ಎಚ್ಚರವಿರಲಿಲ್ಲ. ಬಿಸಿಲು ತಲೆಗೇರಿತ್ತು. ಕುಸಲಿ ಗಂಜಿಯ ತಿಳಿಯನ್ನು ಅವನ ತುಟಿಗೆ ಹನಿಸಿದಳು. ಅವನು ಕಣ್ಣು ತೆರೆಯಲಿಲ್ಲ.

ಆಗ ಅವಳಿಗೆ ಒಂದು ಸಂಗತಿ ತಿಳಿಯಿತು. ಸುತ್ತ ಸದ್ದೇ ಇರಲಿಲ್ಲ. ಹಕ್ಕಿಗಳು ಹೋಗಿದ್ದವು. ಹೊಳೆ ಹರಿಯುವುದನ್ನು ಬಿಟ್ಟು ನಿಂತಿತ್ತು.

"ಯಾಕೆ ನಿಂತೆ?" ಅಂತ ಕುಸಲಿ ಹೊಳೆಯನ್ನು ಕೇಳಿದಳು.

"ಅತ್ತ ನೋಡು," ಅಂತ ಹೊಳೆ ಪಿಸುಗುಟ್ಟಿತು.

ದೂರದಲ್ಲಿ ಒಂದು ಬಿಳಿಗೆರೆ ಕಂಡಿತು. ನೋಡುತ್ತಿದ್ದ ಹಾಗೆ ಆ ಗೆರೆ ದಪ್ಪವಾಯಿತು.

ಕೆಸರಿನಲ್ಲಿದ್ದವರು ಯಾರೂ ತಲೆ ಎತ್ತಿರಲಿಲ್ಲ. ಬಂಡೆಯ ಮೇಲೆ ಬೀರಜ್ಜ ಇದ್ದಾನಲ್ಲ ಅನ್ನುವ ಧೈರ್ಯ ಅವರಿಗೆ.

ಕುಸಲಿ ಕೂಗಿದಳು. ಅವಳ ಕೂಗು ಬಂಡೆಯ ಬುಡವನ್ನೂ ದಾಟಲಿಲ್ಲ. ಅವಳು ಗುಮ್ಟೆಯನ್ನು ತೊಡೆಗೆಳೆದುಕೊಂಡು ಬಲಗೈಯಲ್ಲಿ ಬಡಿದಳು. ಬೊದ್, ಬೊದ್. ಇನ್ನೊಂದು ಕೈಯಿಲ್ಲದೆ ದನಿ ಕೊಡದೊಳಗೇ ಸತ್ತಿತು.

"ಗಾಳಿಯಪ್ಪಾ, ಇದನ್ನು ಅಲ್ಲಿಯವರೆಗೆ ಒಯ್ಯೋ!"

"ಒಯ್ಯಲಿಕ್ಕೆ ಇದರಲ್ಲಿ ಏನೂ ಇಲ್ಲವಲ್ಲೇ ತಾಯಿ," ಅಂದಿತು ಗಾಳಿ. "ದನಿ ಕೊಡು, ಒಯ್ಯುತ್ತೇನೆ."

ಕುಸಲಿ ಹುರಿಯನ್ನು ಜಗ್ಗಿದಳು. ಬಂಡೆಯ ಅಂಚಿಗೆ ತಿಕ್ಕಿದಳು. ಮಣಿಕಟ್ಟಿನ ಚರ್ಮ ಕಿತ್ತು ಬಂತು, ಗಂಟು ಸಡಿಲಲಿಲ್ಲ.

ಬಂಡೆಯ ಬುಡದ ಬಿಲದಿಂದ ಒಂದು ಏಡಿ ಹತ್ತಿ ಬಂದು ಇದನ್ನೆಲ್ಲ ನೋಡುತ್ತಿತ್ತು. ಆ ಕಾಲದಲ್ಲಿ ಕೆಸರೇಡಿಗೆ ಎರಡು ಕೈಯೂ ಒಂದೇ ಅಳತೆ. ಎರಡೂ ಅಕ್ಕಿಕಾಳಿನಷ್ಟು ಪುಟ್ಟವು.

"ತಮ್ಮಾ, ಈ ಹುರಿ ಕಡಿಯುತ್ತೀಯಾ?"

"ನನ್ನ ಕೈ ನೋಡಕ್ಕ," ಅಂದಿತು ಏಡಿ. "ಇದರಲ್ಲಿ ಪಾಚಿ ಕೀಳಬಹುದು. ನಾರು ಕಡಿಯಲಿಕ್ಕೆ ಆದೀತಾ?"

"ಅಲ್ಲಿ ನೋಡು. ನನ್ನತ್ತೆ ಇದ್ದಾಳೆ. ಇಡೀ ಕೇರಿ ಇದೆ."

ಏಡಿ ತನ್ನ ಕಡ್ಡಿಗಣ್ಣುಗಳನ್ನು ಕಡಲಿನತ್ತ ತಿರುಗಿಸಿತು. ಅವಳ ಬೆನ್ನ ಹಿಂದೆ ಹೋಗಿ ಎಡಗೈಯಲ್ಲಿ ಹುರಿಯನ್ನು ಕಚ್ಚಿತು. ಒಂದು ಎಳೆ ಹೋಯಿತು. ಇನ್ನೊಂದು ಎಳೆಗೆ ಅದರ ಬಲ ಸಾಲಲಿಲ್ಲ. ಆಗ ಅದು ಉಸಿರು ಬಿಗಿಹಿಡಿದು, ಬಲಗೈಯಲ್ಲಿದ್ದ ಕಸುವನ್ನೂ ಎಡಗೈಗೇ ಎಳೆದುಕೊಂಡಿತು. ಬಲಗೈ ಇನ್ನೂ ಸಣ್ಣದಾಯಿತು. ಎಡಗೈ ಉಬ್ಬಿತು, ಉದ್ದವಾಯಿತು, ಕತ್ತರಿಯಷ್ಟು ಬಲವಾಯಿತು. ಚಟ್! ಗಂಟು ಹೋಯಿತು.

ಬಿಳಿಗೆರೆ ಈಗ ಗೋಡೆಯಾಗಿತ್ತು. ಅದರ ಮುಂದೆ ತುಂತುರಿನ ಮಂಜು ಓಡಿ ಬರುತ್ತಿತ್ತು.

ಕುಸಲಿಗೆ ಆಗಲೂ ಹೆದರಿಕೆ ಹೋಗಲಿಲ್ಲ. ಕಟ್ಟುಪಾಡು ನೆನಪಾಗಿ ಬಲಗೈಯಲ್ಲೇ ಬಡಿದಳು, ಎಡಗೈಯನ್ನು ತೆರೆದ ಬಾಯಿಗಿಟ್ಟಳು. ಕೈಗಳು ಒಂದಕ್ಕೊಂದು ಹೊಂದಲಿಲ್ಲ. ತಾಳ ಮುಗ್ಗರಿಸಿತು. ಕೆಸರಿನಲ್ಲಿ ಒಂದಿಬ್ಬರು ತಲೆ ಎತ್ತಿದರು, ಅಜ್ಜ ಸುಮ್ಮನೆ ಕೈ ಆಡಿಸುತ್ತಿದ್ದಾನೆ ಅಂದುಕೊಂಡು ಮತ್ತೆ ಬಾಗಿದರು.

ಕಡಲು ದೂರದಿಂದಲೇ ನಕ್ಕಿತು. "ಎಡಗೈಯಲ್ಲಿ ಬಡಿ, ನೋಡುವ. ನನಗೆ ಯಾವ ಕೈಯಾದರೂ ಒಂದೇ. ಆದರೆ ನಿನ್ನವರು ಕೇಳೂದಿಲ್ಲ."

ಕುಸಲಿ ಗುಮ್ಟೆಯನ್ನು ತಿರುಗಿಸಿ ಹಿಡಿದಳು. ಚರ್ಮ ಎಡಕ್ಕೆ ಬಂತು, ಬಾಯಿ ಬಲಕ್ಕೆ ಬಂತು. ಅವಳು ಎಡಗೈ ಎತ್ತಿ ಬಡಿದಳು.

ಧುಂ!

ಧುಂ ಧುಂ ಧುಮುಕ, ಧುಂ!

"ಹಾ, ಇದು ದನಿ!" ಅಂತ ಗಾಳಿ ಅದನ್ನು ಹೆಗಲಿಗೇರಿಸಿಕೊಂಡು ಹಾರಿತು.

ಕೆಸರಿನಲ್ಲಿ ಎಲ್ಲರೂ ನೆಟ್ಟಗಾದರು. ಯಾರೂ ಓಡಲಿಲ್ಲ. ಪೆಟ್ಟು ಬೇರೆಯಾಗಿತ್ತು. ಬೀರಜ್ಜನ ತಾಳ ಮೊದಲಾಗುವಲ್ಲಿ ಇದು ಮುಗಿಯುತ್ತಿತ್ತು, ಅವನದು ಮುಗಿಯುವಲ್ಲಿ ಇದು ಏಳುತ್ತಿತ್ತು.

"ಇದು ಎಡಗೈ!" ಯಾರೋ ಚೀರಿದರು. "ನಿನ್ನ ಸೊಸೆ, ಹೊನ್ನೀ! ಕಡಲನ್ನು ಕೆಣಕುತ್ತಿದ್ದಾಳೆ! ಅಲ್ಲಾಡಬೇಡಿ, ಕೈಮುಗಿದು ನಿಂತುಕೊಳ್ಳಿ!"

ಕೆಲವರು ಕೈಮುಗಿದರು. ಎಲ್ಲರ ಕಣ್ಣು ಹೊನ್ನಿಯ ಮೇಲಿತ್ತು. ತುಂತುರಿನ ಮಂಜು ಆಗಲೇ ಅವರನ್ನು ಮುಟ್ಟಿ, ಕಡಲೂ ದಡವೂ ಮುಸುಕಾಗುತ್ತಿದ್ದವು.

ಹೊನ್ನಿ ಬಂಡೆಯತ್ತ ತಿರುಗಿದಳು. ಸಿಟ್ಟು ಬಂತು, ನಾಚಿಕೆಯೂ ಬಂತು. ಆಮೇಲೆ ಒಂದು ಯೋಚನೆ ಬಂತು.

"ಆ ಗಂಟು ನಾನೇ ಹಾಕಿದ್ದು," ಅಂದಳು ಅವಳು, ಮೆಲ್ಲಗೆ. ಮರುಕ್ಷಣ ಗಂಟಲು ಹರಿಯುವಂತೆ ಕೂಗಿದಳು. "ದೋಣಿ ಗಂಟು ಹಾಕಿದ್ದೆ! ಚೇಷ್ಟೆಗೆ ಯಾರೂ ಅದನ್ನು ಕಿತ್ತುಕೊಳ್ಳೂದಿಲ್ಲ! ಅವಳು ಏನೋ ಕಂಡಿದ್ದಾಳೆ! ಬುಟ್ಟಿ ಬಿಸಾಡಿ! ಓಡಿ, ದನಿ ಬಂದ ಕಡೆ ಓಡಿ!"

ಬುಟ್ಟಿಗಳು ಉರುಳಿದವು. ಹೆಂಗಸರು ಕೂಸುಗಳನ್ನು ಸೊಂಟಕ್ಕೆ ಏರಿಸಿದರು. ಮಂಜಿನಲ್ಲಿ ದಡ ಕಾಣದು, ಬಂಡೆ ಕಾಣದು. ಕಿವಿಯೊಂದೇ ದಾರಿ. ಧುಂ ಧುಂ ಧುಮುಕ, ಧುಂ. ಅದರ ಬೆನ್ನು ಹಿಡಿದು ಓಡಿದರು.

ಒಬ್ಬೊಬ್ಬರಾಗಿ ಬಂಡೆ ಹತ್ತಿದರು. ಹತ್ತಿ ಬಂದವರ ಮುಖವನ್ನು ಕುಸಲಿ ಹುಡುಕಿದಳು. ಅತ್ತೆ ಇರಲಿಲ್ಲ.

ಎಲ್ಲರನ್ನೂ ಮುಂದೆ ಕಳಿಸಿ ಹಿಂದೆ ಉಳಿದ ಹೊನ್ನಿಯ ಕಾಲು ಮೊಣಕಾಲಿನವರೆಗೆ ಕೆಸರಿನಲ್ಲಿ ಹೂತಿತ್ತು. ಎಳೆದು ತೆಗೆದರೆ ಇನ್ನೊಂದು ಕಾಲು ಹೂಳುತ್ತಿತ್ತು. ಗಟ್ಟಿನೆಲ ಎಲ್ಲಿದೆ, ಮೆತ್ತಗಿನ ನೆಲ ಎಲ್ಲಿದೆ ಅನ್ನುವುದೇ ಕಾಣುತ್ತಿರಲಿಲ್ಲ.

"ಕುಸಲೀ!" ಅನ್ನುವ ಕೂಗು ಮಂಜಿನೊಳಗಿಂದ ಬಂತು.

ಕುಸಲಿ ಕೂಗಿನತ್ತ ತಿರುಗಿದಳು. ಇಳಿದು ಹೋಗೋಣವೆಂದರೆ ಗುಮ್ಟೆ ನಿಲ್ಲುತ್ತೆ. ಗುಮ್ಟೆ ನಿಂತರೆ ಇನ್ನೂ ಕೆಸರಿನಲ್ಲಿ ಓಡುತ್ತಿರುವವರು ದಿಕ್ಕು ತಪ್ಪುತ್ತಾರೆ. ಅವಳ ಕೈ ಬಡಿಯುತ್ತಲೇ ಇತ್ತು. ಕಣ್ಣಿನಿಂದ ನೀರು ಗುಮ್ಟೆಯ ಮೇಲೆ ಬೀಳುತ್ತಿತ್ತು.

"ತಮ್ಮಾ, ನನ್ನತ್ತೆಗೆ ಗಟ್ಟಿನೆಲ ತೋರಿಸೋ!"

ಏಡಿ ಆಗಲೇ ಬಂಡೆ ಇಳಿಯುತ್ತಿತ್ತು. "ಏಳ್ರೋ!" ಅಂತ ಬಿಲಬಿಲಕ್ಕೂ ಹೋಗಿ ಕೂಗಿತು. "ಇದ್ದ ಕಸುವನ್ನೆಲ್ಲ ಒಂದೇ ಕೈಗೆ ತನ್ನಿ! ಎತ್ತಿ ತೋರಿಸಿ!"

ಮೊಟ್ಟೆ ಹೊತ್ತಿದ್ದ ಹೆಣ್ಣೇಡಿಗಳು ಬಿಲ ಬಿಡಲಾರದೆ ಒಳಗೇ ಉಳಿದವು. ಗಂಡೇಡಿಗಳು ನೆಲ ಕಾಣದಷ್ಟು ಹೊರಬಂದವು. ಗಟ್ಟಿನೆಲದ ಎರಡೂ ಅಂಚಿಗೆ ಸಾಲುಗಟ್ಟಿ ನಿಂತವು. ಈ ಅಂಚಿನವು ಕಸುವನ್ನು ಎಡಗೈಗೆ ತಂದವು, ಆ ಅಂಚಿನವು ಬಲಗೈಗೆ ತಂದವು. ಒಂದು ಕೈ ಕುಗ್ಗಿತು, ಒಂದು ಕೈ ಹಿಗ್ಗಿ ಸುಣ್ಣ ಬಳಿದಂತೆ ಬೆಳ್ಳಗೆ ಹೊಳೆಯಿತು. ಆ ಕೈಗಳನ್ನು ಮೇಲೆತ್ತಿ ಬೀಸಿದವು.

ಮಂಜಿನಲ್ಲಿ ಹೊನ್ನಿಗೆ ಬಿಳಿಬಿಳಿ ಚುಕ್ಕೆಗಳು ಕಂಡವು. ಈ ಕಡೆ ಒಂದು ಸಾಲು, ಆ ಕಡೆ ಒಂದು ಸಾಲು, ನಡುವೆ ದಾರಿ. ಅವಳು ಕೆಸರನ್ನು ತಬ್ಬಿಕೊಂಡು ತೆವಳಿ ಆ ದಾರಿಗೆ ಬಿದ್ದಳು. ಎದ್ದಳು. ನೀರು ಅವಳ ಹಿಮ್ಮಡಿ ಮುಟ್ಟಿತು, ಮೊಣಕಾಲು ಮುಟ್ಟಿತು, ಸೊಂಟ ಮುಟ್ಟಿತು. ಬಂಡೆಯ ಮೇಲಿನವರು ಕೈ ಚಾಚಿ ಅವಳ ಜುಟ್ಟು ಹಿಡಿದು ಎಳೆದುಕೊಂಡರು. ಅವಳ ಕಾಲಡಿಯಲ್ಲೇ ಕಡಲು ಬಂಡೆಗೆ ಅಪ್ಪಳಿಸಿತು.

ಎಲ್ಲರೂ ಬಂಡೆ ಸೇರಿಯಾಗಿತ್ತು. ಕುಸಲಿಯ ಕೈ ಮಾತ್ರ ನಿಲ್ಲದೆ ಬಡಿಯುತ್ತಿತ್ತು. ಹೊನ್ನಿ ಹತ್ತಿರ ಬಂದು ಅದನ್ನು ಹಿಡಿದು ನಿಲ್ಲಿಸಿದಳು. ಮಣಿಕಟ್ಟಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು.

"ನೋಯ್ತದಾ?"

"ನೋಯ್ತದೆ ಅತ್ತೆ."

ಹೊನ್ನಿ ಸೆರಗಿನ ತುದಿ ಒದ್ದೆ ಮಾಡಿ ಗಾಯ ಒರೆಸಿದಳು. ತಾನು ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು, ಬಿಡಲೇ ಇಲ್ಲ.

ಬೀರಜ್ಜನಿಗೆ ಎಚ್ಚರವಾಯಿತು. ತಿರುಗಿ ಕೂತ ಗುಮ್ಟೆಯನ್ನು ನೋಡಿ ಗಾಬರಿಯಾದ. "ಎಡಗೈ ಬಿತ್ತಾ ಇದಕ್ಕೆ?"

"ಬಿತ್ತು," ಅಂದಳು ಹೊನ್ನಿ. "ಅದಕ್ಕೇ ನಾವೆಲ್ಲ ಉಸಿರಾಡ್ತಾ ಕೂತಿದ್ದೇವೆ. ಇನ್ನು ಮೇಲೆ ಅವಳೂ ಬಡೀತಾಳೆ ಬೀರಣ್ಣ, ಅವಳಿಗೆ ಹೇಗೆ ಬರ್ತದೋ ಹಾಗೆ."

ಕಡಲು ಇಳಿದ ಮೇಲೆ ಕುಸಲಿ ಬಂಡೆಯ ಬುಡಕ್ಕೆ ಹೋದಳು. ಏಡಿ ಬಿಲದ ಬಾಯಲ್ಲಿ ಕೂತು ಪುಟ್ಟ ಬಲಗೈಯಲ್ಲಿ ಕೆಸರನ್ನು ಚೂರುಚೂರೇ ಬಾಯಿಗಿಡುತ್ತಿತ್ತು. ದೊಡ್ಡ ಕೈ ಉಣ್ಣಲು ಬಾರದೆ ಎದೆಗೆ ಒರಗಿತ್ತು.

"ಆ ಕೈ ಮತ್ತೆ ಮೊದಲಿನಂತೆ ಆಗೂದಿಲ್ಲವಾ ತಮ್ಮಾ?"

"ಇಲ್ಲಕ್ಕ. ಇನ್ನು ಊಟಕ್ಕೆ ಸ್ವಲ್ಪ ಹೊತ್ತು ಹಿಡೀತದೆ, ಅಷ್ಟೇ," ಅಂದ ಏಡಿ ಮತ್ತೊಂದು ಚೂರು ಬಾಯಿಗಿಟ್ಟುಕೊಂಡಿತು.

ಅದಕ್ಕೇ ಮಗೂ, ಅಳಿವೆಯಲ್ಲಿ ನೀರು ಇಳಿದಾಗ ಹೋಗಿ ಸದ್ದು ಮಾಡದೆ ನಿಂತು ನೋಡು: ಗಂಡೇಡಿಗಳು ಬಿಲದಿಂದ ಹೊರಬಂದು ತಮ್ಮ ಒಂದೇ ಒಂದು ದೊಡ್ಡ ಕೈಯನ್ನು ಇವತ್ತಿಗೂ ಎತ್ತಿ ಬೀಸುತ್ತವೆ, ಕೆಲವು ಎಡಗೈ, ಕೆಲವು ಬಲಗೈ, ಮತ್ತು ಅಕ್ಕಪಕ್ಕದ ಬಿಲದಲ್ಲೇ ಇದ್ದರೂ ಒಂದು ಇನ್ನೊಂದಕ್ಕೆ ಕೈ ಬದಲಿಸು ಅಂತ ಹೇಳುವುದಿಲ್ಲ.